ಗ್ಯಾಸ್ ಗೀಸರ್: ಉರಿಗೆ ಗಾಳಿ ಬೇಕು, ಹೊಗೆಗೆ ದಾರಿ ಬೇಕು



ಅಡಿಕೆಯ ಕೊಳೆರೋಗ, ಕಾಫಿಯ ನೆರಳು, ಗೊಬ್ಬರದ ಲೆಕ್ಕ ಮುಂತಾದ ತೋಟದ ವಿಷಯಗಳನ್ನೇ ಈ ಪುಟದಲ್ಲಿ ಬರೆಯುವುದು ನಮ್ಮ ವಾಡಿಕೆ. ಈ ಸಲದ ಪಾಠ ಬಚ್ಚಲುಮನೆಗೆ ಸಂಬಂಧಿಸಿದ್ದು. ಮಾಣಿಯ ಸುತ್ತಮುತ್ತ ಹೊಸ ಮನೆ ಕಟ್ಟಿಸಿದವರು, ಹಳೆ ಮನೆಗೆ ಹೊಸ ಬಚ್ಚಲು ಸೇರಿಸಿದವರು, ನೀರು ಕಾಯಿಸಲು ಗ್ಯಾಸ್ ಗೀಸರನ್ನು ತರುತ್ತಿದ್ದಾರೆ. ತರುವುದು ತಪ್ಪಲ್ಲ. ಅದನ್ನು ಎಲ್ಲಿ, ಹೇಗೆ ಕೂರಿಸಬೇಕೆಂಬುದನ್ನು ತಿಳಿಯದೆ ಕೂರಿಸುವುದು ಪ್ರಾಣಕ್ಕೆ ಅಪಾಯ.

2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿಯರಿಬ್ಬರು ಗ್ಯಾಸ್ ಗೀಸರಿನಿಂದಾಗಿ ಮೃತಪಟ್ಟ ಸುದ್ದಿಯನ್ನು ತಾವೆಲ್ಲ ಓದಿರಬಹುದು. ನಮ್ಮ ಮಾಣಿಯಿಂದ ಪುತ್ತೂರು, ಸುಳ್ಯ, ಮಡಿಕೇರಿ ಹಾದು ಮೈಸೂರಿಗೆ ಹೋಗುವ ದಾರಿಯಲ್ಲೇ ಸಿಗುವ ಊರು ಅದು. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಚಿಕ್ಕಜಾಲದ ಬಳಿ ಯುವ ಜೋಡಿಯೊಂದು ಇದೇ ರೀತಿ ಬಚ್ಚಲಲ್ಲಿ ಪ್ರಾಣ ಕಳೆದುಕೊಂಡಿತು. ಇಂಥ ಸುದ್ದಿ ನಮ್ಮ ತಾಲೂಕಿನಿಂದ ಬಾರದಿರಲಿ ಎಂಬುದೇ ಈ ಲೇಖನದ ಉದ್ದೇಶ.

1. ಹಂಡೆಯಿಂದ ಗೀಸರಿಗೆ

ನಮ್ಮ ಹಿರಿಯರ ಬಚ್ಚಲುಮನೆಯನ್ನು ನೆನಪಿಸಿಕೊಳ್ಳಿ. ತಾಮ್ರದ ಹಂಡೆ, ಅದರಡಿ ಒಲೆ, ಒಲೆಗೆ ಅಡಿಕೆ ಸೋಗೆ, ತೆಂಗಿನ ಮಡಲು, ಅಡಿಕೆ ಸಿಪ್ಪೆ, ಗೆರಟೆ. ಹೊಗೆಯೇನೋ ಧಾರಾಳವಾಗಿತ್ತು. ಆದರೆ ಆ ಬಚ್ಚಲು ಮನೆಯಿಂದ ಪ್ರತ್ಯೇಕವಾಗಿತ್ತು, ಮಾಡಿಗೆ ಮಂಗಳೂರು ಹೆಂಚು ಇತ್ತು, ಹೆಂಚಿನ ಸಂದಿಗಳಿಂದ ಹೊಗೆ ಹೊರಹೋಗಿ ಬಾಗಿಲಿನಡಿಯಿಂದ ಹೊಸ ಗಾಳಿ ಒಳಬರುತ್ತಿತ್ತು. ಹೊಗೆ ಹೆಚ್ಚಾದರೆ ಕಣ್ಣು ಉರಿದು ಮನುಷ್ಯ ತಾನಾಗಿಯೇ ಹೊರಗೆ ಓಡುತ್ತಿದ್ದ.

ಆ ಹೊಗೆಯಿಂದ ಮನೆಯ ಹೆಂಗಸರು ಎಷ್ಟು ಕಷ್ಟಪಟ್ಟಿದ್ದಾರೆಂಬುದು ನಮಗೆ ಗೊತ್ತು. ಸೋಗೆ ಎಳೆದು ತರಲು ಈಗ ಜನವೂ ಇಲ್ಲ. ಮಳೆಗಾಲದಲ್ಲಿ ಸೌರ ಹೀಟರ್ ನಂಬಿಕೆಗೆ ಬಾರದು, ಕರೆಂಟಿನ ಮಾತು ಹೇಳಬೇಕಾಗಿಲ್ಲ. ಆದ್ದರಿಂದ ಗ್ಯಾಸ್ ಗೀಸರ್ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹಂಡೆ ಹೋದ ಜಾಗಕ್ಕೆ ಗೀಸರ್ ಬರುವಾಗ ಹೆಂಚಿನ ಮಾಡು ಹೋಗಿ ಕಾಂಕ್ರೀಟ್ ತಾರಸಿ ಬಂದಿದೆ, ಸಂದಿಯಿಲ್ಲದ ಪ್ಲಾಸ್ಟಿಕ್ ಬಾಗಿಲು ಬಂದಿದೆ, ಕಿಟಕಿಗೆ ಗಾಜು ಬಂದಿದೆ. ಉರಿ ಉಳಿದಿದೆ, ಗಾಳಿಯ ದಾರಿ ಮಾತ್ರ ಮುಚ್ಚಿದೆ.

2. ಕೊಲ್ಲುವುದು ಯಾವುದು?

ಇಂಥ ಸಾವುಗಳನ್ನು 'ಗ್ಯಾಸ್ ಸೋರಿಕೆ' ಎಂದು ಕರೆಯುವುದು ರೂಢಿಯಾಗಿದೆ. ಇದರಿಂದ ಜನರಿಗೆ ತಪ್ಪು ತಿಳುವಳಿಕೆಯಾಗುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ಅದಕ್ಕೆ ಬೆರೆಸಿರುವ ದುರ್ವಾಸನೆಯಿಂದ ಗೊತ್ತಾಗುತ್ತದೆ. ಅದರ ಮುಖ್ಯ ಅಪಾಯ ಬೆಂಕಿ ಮತ್ತು ಸ್ಫೋಟ. ಬಚ್ಚಲಲ್ಲಿ ಸದ್ದಿಲ್ಲದೆ ಕೊಲ್ಲುವುದು ಸಾಮಾನ್ಯವಾಗಿ ಬೇರೊಂದು ಅನಿಲ. ಅದರ ಹೆಸರು ಕಾರ್ಬನ್ ಮೊನಾಕ್ಸೈಡ್.

ಗ್ಯಾಸಿಗೆ ಸಾಕಷ್ಟು ಆಮ್ಲಜನಕ ಸಿಕ್ಕಿದರೆ ಅದು ಪೂರ್ಣವಾಗಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತದೆ. ಆಮ್ಲಜನಕ ಕಡಮೆಯಾದರೆ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೊಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು 3,200 ಭಾಗ ಇದ್ದರೆ ಐದು ಹತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು. ಅರ್ಧ ಗಂಟೆಯಲ್ಲಿ ಪ್ರಾಣಾಪಾಯ. ಇನ್ನೂ ಹೆಚ್ಚಿದ್ದರೆ ಕೆಲವೇ ನಿಮಿಷ ಸಾಕು. ಕಾಲಿನ ಶಕ್ತಿ ಮೊದಲೇ ಹೋಗುವುದರಿಂದ, ಅಪಾಯ ತಿಳಿದರೂ ಚಿಲಕ ತೆಗೆಯಲಾಗುವುದಿಲ್ಲ.

ಇದು ನಮ್ಮ ನಾಡಿಗೆ ಮಾತ್ರ ಬಂದ ಕಷ್ಟವಲ್ಲ. ಫ್ರಾನ್ಸಿನ ಪ್ರಸಿದ್ಧ ಕಾದಂಬರಿಕಾರ ಎಮಿಲ್ ಜೋಲಾ 1902ರಲ್ಲಿ ಪ್ಯಾರಿಸಿನ ತನ್ನ ಮನೆಯಲ್ಲಿ ತೀರಿಕೊಂಡದ್ದು ಇದೇ ಅನಿಲದಿಂದ. ಅಲ್ಲಿ ಹೊಗೆಕೊಳವೆ ಸರಿಯಾಗಿ ಎಳೆಯುತ್ತಿರಲಿಲ್ಲ.

3. ಗಾಳಿಯ ಲೆಕ್ಕ

ತೋಟದ ಲೆಕ್ಕ ಬರೆಯುವವರಿಗೆ ಈ ಲೆಕ್ಕ ಕಷ್ಟವಲ್ಲ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಉರಿಸುತ್ತದೆ. ಅಡುಗೆ ಒಲೆಯ ಐದಾರು ದೊಡ್ಡ ಉರಿಗಳನ್ನು ಒಟ್ಟಿಗೆ ಹಚ್ಚಿಟ್ಟಂತೆ ಇದು. ಒಂದು ಕಿಲೋ ಗ್ಯಾಸ್ ಪೂರ್ಣವಾಗಿ ಉರಿಯಲು ಸುಮಾರು 450 ಘನ ಅಡಿ ಗಾಳಿ ಬೇಕು.

5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿ 240 ಘನ ಅಡಿ. ಹೊರಗಿನ ಗಾಳಿ ಸ್ವಲ್ಪವೂ ಒಳಬಾರದೆಂದು ಎಣಿಸಿದರೆ, ನೂರಕ್ಕೆ 21 ಭಾಗ ಇದ್ದ ಆಮ್ಲಜನಕ ಐದು ನಿಮಿಷದಲ್ಲಿ 18ಕ್ಕೂ, ಹತ್ತು ನಿಮಿಷದಲ್ಲಿ ಸುಮಾರು 14ಕ್ಕೂ ಇಳಿಯುತ್ತದೆ. ಬಾಗಿಲಿನ ಸಂದಿಯಿಂದ ಇಳಿಕೆ ನಿಧಾನವಾದೀತು, ನಿಲ್ಲದು. ಆಮ್ಲಜನಕ ಇಳಿದಷ್ಟೂ ಉರಿ ಕೆಟ್ಟು ವಿಷಾನಿಲ ಏರುತ್ತದೆ.

ಈಗ ಮಳೆಗಾಲದಲ್ಲಿ ಮದ್ದು ಬಿಟ್ಟ ದಿನವನ್ನು ಯೋಚಿಸಿರಿ. ಮೈಲುತುತ್ತು ಮೆತ್ತಿಕೊಂಡ ನಾಲ್ಕೈದು ಮಂದಿ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ. ಎರಚಲು ಬರುತ್ತದೆಂದು ಕಿಟಕಿ ಮುಚ್ಚಿರುತ್ತದೆ. ಗೀಸರ್ ಅರ್ಧ ಮುಕ್ಕಾಲು ಗಂಟೆ ಉರಿಯುತ್ತಲೇ ಇರುತ್ತದೆ. ಮೊದಲನೆಯವನಿಗೆ ಏನೂ ಆಗಲಿಲ್ಲವೆಂಬುದು ಕೊನೆಯವನಿಗೆ ಭದ್ರತೆಯಲ್ಲ.

4. ಎಲ್ಲಿ ಕೂರಿಸಬೇಕು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಗೀಸರ್ ಬಚ್ಚಲಿನ ಹೊರಗೆ, ಬಿಸಿನೀರು ಮಾತ್ರ ಒಳಗೆ.

ಪೇಟೆಯಲ್ಲಿ ಎರಡು ತರದ ಗೀಸರ್ ಸಿಗುತ್ತವೆ. ಕಡಮೆ ಬೆಲೆಯ ಸಣ್ಣ ಮಾದರಿಗಳಲ್ಲಿ ಹೊಗೆಕೊಳವೆ ಇರುವುದಿಲ್ಲ. ಸುಟ್ಟ ಗಾಳಿ ಮೇಲಿನ ತೂತುಗಳಿಂದ ಅಲ್ಲಿಯೇ ಹೊರಬೀಳುತ್ತದೆ. ಇವನ್ನು ಬಚ್ಚಲೊಳಗೆ ಕೂರಿಸಲೇ ಕೂಡದು. ಇನ್ನೊಂದು ತರದ್ದಕ್ಕೆ ಮೇಲೆ ಹೊಗೆಕೊಳವೆ ಜೋಡಿಸುವ ಬಾಯಿ ಇರುತ್ತದೆ. ಇದು ಮೇಲಾದದ್ದು, ಆದರೂ ಹೊರಗಿರುವುದೇ ಉತ್ತಮ.

ಹಿತ್ತಿಲ ಕಡೆಯ ಗೋಡೆ, ತೆರೆದ ಜಗಲಿ, ಮಾಡಿನ ಇಳಿಜಾರಿನಡಿ ಮಳೆ ಬೀಳದ ಜಾಗ ಇದಕ್ಕೆ ಸೂಕ್ತ. ಗಾಳಿ ನೇರವಾಗಿ ಉರಿಗೆ ಬಡಿಯದಂತೆ ಒಂದು ಮರೆ ಇರಲಿ. ಮರೆಯೆಂದರೆ ಪೆಟ್ಟಿಗೆಯಲ್ಲ, ಮುಂಭಾಗ ತೆರೆದೇ ಇರತಕ್ಕದ್ದು. ಬಚ್ಚಲಿನ ಅಥವಾ ಮಲಗುವ ಕೋಣೆಯ ಕಿಟಕಿ, ಗವಾಕ್ಷಿಗಳಿಂದ ನಾಲ್ಕು ಅಡಿಯಾದರೂ ದೂರವಿರಲಿ, ಕಿಟಕಿಯ ಕೆಳಗೆ ಬೇಡ. ಅಡಿಕೆ ಗೋಣಿ, ಸೋಗೆ, ಪೆಟ್ರೋಲು ಹತ್ತಿರ ಇರಕೂಡದು. ಬಿಸಿನೀರಿನ ಪೈಪು ಎರಡು ಮೂರು ಅಡಿ ಉದ್ದವಾದರೆ ನಷ್ಟವೇನೂ ಇಲ್ಲ.

ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ, ಅದರ ಜೊತೆ 15558 ಎಂಬ ಸಂಖ್ಯೆಯನ್ನೂ ನೋಡಿ. ಎಲ್.ಪಿ.ಜಿ.ಯ ಸಣ್ಣ ಗೃಹ ನೀರು ಹೀಟರುಗಳಿಗೆ ಭಾರತೀಯ ಮಾನಕ ಸಂಸ್ಥೆ ಕೊಟ್ಟ ಸಂಖ್ಯೆ ಅದು. ಉರಿ ನಂದಿದರೆ ಗ್ಯಾಸ್ ತಾನಾಗಿ ನಿಲ್ಲುವ ಏರ್ಪಾಡು ಇದೆಯೇ ಎಂದು ಅಂಗಡಿಯವರಲ್ಲಿ ಕೇಳಿರಿ.

5. ಹೊಗೆಕೊಳವೆಯ ನಿಯಮಗಳು

ಹೊಗೆಕೊಳವೆ ಇರುವ ಗೀಸರಿಗೆ ಈ ಕೆಳಗಿನವನ್ನು ತಪ್ಪದೆ ಪಾಲಿಸಬೇಕು.

(ಅ) ಕೊಳವೆ ಲೋಹದ್ದಾಗಿರಬೇಕು. ತೋಟದಲ್ಲಿ ಉಳಿದ ಪಿ.ವಿ.ಸಿ. ಪೈಪಿನ ತುಂಡು ಇದಕ್ಕೆ ಆಗದು. ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ.

(ಆ) ಗೀಸರಿನ ಬಾಯಿ ಎಷ್ಟು ಅಗಲವೋ ಕೊಳವೆ ಕೊನೆಯವರೆಗೆ ಅಷ್ಟೇ ಅಗಲವಿರಬೇಕು.

(ಇ) ಮೊದಲು ನೆಟ್ಟಗೆ ಮೇಲಕ್ಕೆ ಹೋಗಲಿ. ಅನಂತರ ಅಡ್ಡ ಹೋಗಬೇಕಾದಲ್ಲಿ ಅಡಿಗೆ ಕಾಲು ಅಂಗುಲದಂತೆ ಹೊರಬದಿಗೆ ಏರುತ್ತಾ ಹೋಗಲಿ. ತಿರುವುಗಳು ಕಡಮೆಯಾದಷ್ಟೂ ಒಳ್ಳೆಯದು.

(ಈ) ಕೊಳವೆಯ ತುದಿ ಬಯಲಿಗೆ ಬರಬೇಕು. ಅಟ್ಟಕ್ಕಾಗಲಿ, ಮಾಡಿನಡಿಯ ಖಾಲಿ ಜಾಗಕ್ಕಾಗಲಿ ಬಿಡಕೂಡದು. ಅಟ್ಟಕ್ಕೆ ಬಿಟ್ಟ ಹೊಗೆ ಅಟ್ಟದ ಹಲಗೆ ಸಂದಿಯಿಂದ ಮಲಗುವ ಕೋಣೆಗೆ ಇಳಿಯಬಹುದು.

(ಉ) ತುದಿಗೆ ಮಳೆ ತಡೆಯುವ ಟೊಪ್ಪಿ ಇರಲಿ. ವರ್ಷಕ್ಕೆರಡು ಸಲ, ಮಳೆಗಾಲದ ಮೊದಲು ಮತ್ತು ಕೊಯ್ಲಿಗೆ ಮುಂಚೆ, ತುದಿಯನ್ನು ಪರೀಕ್ಷಿಸಿ. ಹಕ್ಕಿಯ ಗೂಡು, ಕಣಜದ ಮಣ್ಣಿನ ಗೂಡು ಒಂದು ತಿಂಗಳಲ್ಲಿ ಕೊಳವೆಯನ್ನು ಮುಚ್ಚಬಲ್ಲುದು.

(ಊ) ಅದೇ ಬಚ್ಚಲಲ್ಲಿ ಗಾಳಿ ಹೊರದೂಡುವ ಫ್ಯಾನು ಇದ್ದರೆ, ಅದು ಕೊಳವೆಯ ಹೊಗೆಯನ್ನು ಹಿಂದಕ್ಕೆ ಒಳಗೆಳೆಯಬಹುದು. ಫ್ಯಾನು ಇದೆಯಲ್ಲ ಎಂದು ಧೈರ್ಯ ತಾಳುವುದು ಸರಿಯಲ್ಲ.

6. ಸಿಲಿಂಡರ್ ಮತ್ತು ರಬ್ಬರ್ ನಳಿಗೆ

ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರನ್ನು ಗುಂಡಿಯಲ್ಲಿ, ನೆಲಮಾಳಿಗೆಯಲ್ಲಿ, ಚರಂಡಿಯ ಪಕ್ಕದಲ್ಲಿ ಇಡಕೂಡದು. ನೆಟ್ಟಗೆ, ತೆರೆದ ಜಾಗದಲ್ಲಿ, ಗೀಸರಿಗಿಂತ ಕೆಳಮಟ್ಟದಲ್ಲಿ ನಿಲ್ಲಿಸಿ. ತಂತಿಯ ಹೆಣಿಗೆಯುಳ್ಳ ಸುರಕ್ಷಾ ನಳಿಗೆಯನ್ನೇ ಬಳಸಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಿ. ಇಲಿ ಕಡಿದದ್ದು ಕಂಡರೆ ಅಂದೇ ಬದಲಿಸಿ. ರಬ್ಬರ್ ನಳಿಗೆಯನ್ನು ಗೋಡೆಯೊಳಗೆ ಹಾಯಿಸಬೇಡಿ. ಗೋಡೆ ದಾಟಬೇಕಾದಲ್ಲಿ ಲೋಹದ ಪೈಪನ್ನು ಬಲ್ಲ ಮೆಕ್ಯಾನಿಕ್ಕಿನಿಂದಲೇ ಹಾಕಿಸಿ. ಜೋಡಣೆಗಳನ್ನು ಸಾಬೂನಿನ ನೀರು ಹಚ್ಚಿ ಪರೀಕ್ಷಿಸಿ. ಗುಳ್ಳೆ ಬಂದರೆ ಸೋರಿಕೆ ಇದೆಯೆಂದರ್ಥ. ಕಡ್ಡಿ ಗೀರಿ ನೋಡುವ ಹಳೆಯ ಚಾಳಿ ಬೇಡ. ಸೋರಿಕೆಗೆ 1906 ಸಂಖ್ಯೆಗೆ ಹಗಲಿರುಳು ಫೋನು ಮಾಡಬಹುದು.

ಉರಿಯ ಬಣ್ಣವನ್ನೂ ಗಮನಿಸುತ್ತಿರಿ. ನೀಲಿ ಉರಿ ಆರೋಗ್ಯದ ಲಕ್ಷಣ. ಹಳದಿ ಉರಿ, ಗೀಸರಿನ ಮೈಮೇಲೆ ಮಸಿ ಕಂಡರೆ ಅದನ್ನು ಶುಚಿ ಮಾಡಿಸುವ ತನಕ ಹಚ್ಚಕೂಡದು. ಆದರೆ ನೀಲಿ ಉರಿಯೊಂದನ್ನೇ ನಂಬಿ ಕಿಟಕಿ ಮುಚ್ಚುವುದೂ ಸಲ್ಲದು.

7. ಈಗಾಗಲೇ ಬಚ್ಚಲೊಳಗೆ ಇದ್ದರೆ?

ಹಲವು ಸದಸ್ಯರ ಮನೆಗಳಲ್ಲಿ ಪರಿಸ್ಥಿತಿ ಹೀಗಿದೆ. ಗೀಸರನ್ನು ಹೊರಗೆ ಸಾಗಿಸಲು ಒಬ್ಬ ಪ್ಲಂಬರನ ಒಂದು ದಿನದ ಕೆಲಸ ಸಾಕು. ಆ ದಿನ ಬರುವವರೆಗೆ ಈ ಕ್ರಮವನ್ನು ಪಾಲಿಸಿ: ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟಿಗೆ ಬಿಸಿನೀರು ತುಂಬಿಸಿ, ಗೀಸರನ್ನು ನಂದಿಸಿ, ಐದು ಹತ್ತು ನಿಮಿಷ ಗಾಳಿಯಾಡಲಿ, ಆ ಮೇಲೆ ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು. ಗೋಡೆಯಲ್ಲಿ ನೆಲದ ಬಳಿ ಒಂದು, ತಾರಸಿಯ ಬಳಿ ಒಂದು, ಹೀಗೆ ಮುಚ್ಚಲಾಗದ ಎರಡು ಗವಾಕ್ಷಿಗಳನ್ನು ಕೂಡಲೇ ತೆಗೆಸಿ. ಬಾಗಿಲಿನ ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ.

ಕಾರ್ಮಿಕರ ಬಿಡಾರದಲ್ಲಿ ಗೀಸರ್ ಹಾಕಿಸಿಕೊಟ್ಟವರು ಅಲ್ಲಿಯೂ ಇದೇ ನಿಯಮವನ್ನು ಪಾಲಿಸಬೇಕು. ಅವರ ಪ್ರಾಣದ ಹೊಣೆ ಧಣಿಗಳ ಮೇಲಿದೆ.

8. ಯಾರಾದರೂ ಬಿದ್ದರೆ

ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಶಕ್ತಿಯಿಲ್ಲದಂತೆ ಆದರೆ ಕೂಡಲೇ ಹೊರಬರಬೇಕು. ಒಳಗೆ ಹೋದವರು ಕರೆದರೆ ಓಗೊಡದಿದ್ದಲ್ಲಿ ಬಾಗಿಲು ಮುರಿಯಲು ಹಿಂಜರಿಯಬೇಡಿ. ಬಾಗಿಲು ತೆರೆದು, ಗ್ಯಾಸ್ ನಿಲ್ಲಿಸಿ, ಉಸಿರು ಬಿಗಿಹಿಡಿದು ಒಳನುಗ್ಗಿ ಎಳೆದು ತೆರೆದ ಗಾಳಿಗೆ ತನ್ನಿ. ಅಲ್ಲಿಯೇ ನಿಂತು ಉಪಚರಿಸಲು ಹೋದವರೂ ಬಿದ್ದಾರು. 108ಕ್ಕೆ ಫೋನು ಮಾಡಿ, ಉಸಿರು ನಿಂತಿದ್ದರೆ ಕೃತಕ ಉಸಿರಾಟ ಕೊಡಿ.

ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಬಿದ್ದದ್ದು' ಎಂದು ಮೊದಲೇ ತಿಳಿಸಿರಿ. ಇದನ್ನು ಅಪಸ್ಮಾರವೆಂದು ಎಣಿಸುವ ಸಂಭವವಿದೆ. ಹೀಗಾದುದನ್ನು ನಮ್ಮ ದೇಶದ ನರರೋಗ ತಜ್ಞರೇ ವರದಿ ಮಾಡಿದ್ದಾರೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವನ್ನು ಇಲ್ಲಿ ನಂಬಬೇಡಿ; ವಿಷಾನಿಲ ಅಂಟಿದ ರಕ್ತವನ್ನೂ ಅದು ಸರಿಯಾಗಿದೆಯೆಂದೇ ತೋರಿಸುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆ ಆಮ್ಲಜನಕವೇ. ಬರಿ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಸುಮಾರು ಒಂದೂವರೆ ಗಂಟೆ ಸಾಕು. ಎಚ್ಚರವಾಯಿತೆಂದು ಮನೆಗೆ ಕರೆತರದೆ ವೈದ್ಯರು ಹೇಳಿದಷ್ಟು ಹೊತ್ತು ಇರಿಸಿ.

9. ಈ ಪಾಠದ ಪ್ರಶ್ನೆಗಳು

ಈ ಪತ್ರಿಕೆಯನ್ನು ಮಡಚಿಡುವ ಮುನ್ನ ಮನೆಯ ಗೀಸರಿನ ಮುಂದೆ ನಿಂತು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿರಿ.

ಗೀಸರ್ ಬಚ್ಚಲಿನ ಒಳಗಿದೆಯೋ ಹೊರಗಿದೆಯೋ? ಸುಟ್ಟ ಗಾಳಿ ಎಲ್ಲಿಗೆ ಹೋಗುತ್ತದೆ? ಹೊಸ ಗಾಳಿ ಎಲ್ಲಿಂದ ಬರುತ್ತದೆ? ಮಳೆ ಬಂದಾಗ ಆ ದಾರಿಯನ್ನು ಯಾರಾದರೂ ಮುಚ್ಚುತ್ತಾರೆಯೇ? ಉರಿ ನೀಲಿಯೋ ಹಳದಿಯೋ? ನಳಿಗೆಗೆ ಎಷ್ಟು ವರ್ಷವಾಯಿತು? ಚಿಲಕವನ್ನು ಹೊರಗಿನಿಂದ ತೆಗೆಯಬಹುದೇ? ಇದನ್ನೆಲ್ಲ ಮನೆಯ ಮಕ್ಕಳಿಗೂ, ಕೆಲಸದವರಿಗೂ ಹೇಳಲಾಗಿದೆಯೇ?

ಒಂದು ಪ್ರಶ್ನೆಗಾದರೂ ಸಮಾಧಾನಕರ ಉತ್ತರ ಸಿಗದಿದ್ದರೆ, ಅದನ್ನು ಸರಿಪಡಿಸುವ ತನಕ ಬಕೆಟ್ ತುಂಬಿಸಿ, ಗೀಸರ್ ನಂದಿಸಿ, ಆ ಮೇಲೆ ಸ್ನಾನ ಎಂಬ ಕ್ರಮವನ್ನೇ ಇಟ್ಟುಕೊಳ್ಳಬೇಕಾಗಿ ಸದಸ್ಯರಲ್ಲಿ ನಮ್ಮ ವಿನಂತಿ. ಅಕ್ಷರ ಓದಲಾಗದ ನೆರೆಯವರಿದ್ದರೆ ಇದನ್ನು ಅವರಿಗೆ ಓದಿ ಹೇಳಿರಿ.