ಮೂರು ವರ್ಷದ ಗಡುವು: ಇಂಗ್ಲೆಂಡಿನಲ್ಲಿ ಕೇರ್ ಹೋಂ ಕಟ್ಟುವವರಿಗೆ ಹತ್ತು ಪಾಠಗಳು

‘ಪರ್ಮಿಷನ್ ಸಿಕ್ಕಿ ಎರಡೂವರೆ ವರ್ಷ ಆಯ್ತು. ಬ್ಯಾಂಕ್ ಸಾಲ ಇನ್ನೂ ಆಗಿಲ್ಲ. ಇನ್ನೊಂದು ವರ್ಷ ಮುಂದಕ್ಕೆ ಹಾಕಿಸಿಕೊಡ್ತೀರಾ?’

ಇಂಗ್ಲೆಂಡಿನಲ್ಲಿ ಪ್ಲಾನಿಂಗ್ ಸಲಹೆಗಾರನಾಗಿರುವ ನನ್ನನ್ನು ಕೇರ್ ಹೋಂ ಕಟ್ಟಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಕನ್ನಡಿಗರೂ ಇದ್ದಾರೆ. ಆಸ್ಪತ್ರೆಗಳಲ್ಲಿ ಬಹುಕಾಲ ದುಡಿದು, ವಯಸ್ಸಾದವರ ಪಾಡನ್ನು ಹತ್ತಿರದಿಂದ ಕಂಡು, ಈ ಕ್ಷೇತ್ರಕ್ಕೆ ಬಂಡವಾಳ ಹಾಕಿದ ವೈದ್ಯರು ಅವರು. ಊರಿನಲ್ಲಿ ಕಟ್ಟಡದ ಲೈಸೆನ್ಸ್ ನವೀಕರಿಸಿ ಗೊತ್ತಿರುವವರಿಗೆ ಇಲ್ಲೂ ಒಂದು ಅರ್ಜಿ, ಒಂದಿಷ್ಟು ಶುಲ್ಕ ಕೊಟ್ಟರೆ ಕೆಲಸ ಆದೀತು ಎಂಬ ನಂಬಿಕೆ ಇರುತ್ತದೆ. ಇಲ್ಲಿ ಹಾಗೆ ಆಗುವುದಿಲ್ಲ.

ಇದು ಬರೀ ಮಾಲೀಕರ ಹಣದ ಪ್ರಶ್ನೆಯಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನರಲ್ಲಿ ಶೇ. 18.6ರಷ್ಟು ಮಂದಿ 65 ದಾಟಿದವರು. ಹತ್ತು ವರ್ಷ ಹಿಂದೆ ಅದು ಶೇ. 16.4 ಇತ್ತು. ಕಾಯಿಲೆ ವಾಸಿಯಾದರೂ ಹೋಗಲು ಜಾಗವಿಲ್ಲದೆ ಆಸ್ಪತ್ರೆಯ ಹಾಸಿಗೆಯಲ್ಲೇ ದಿನ ದೂಡುವ ವೃದ್ಧರಿದ್ದಾರೆ. ಒಂದು ಕೇರ್ ಹೋಂನ ಅನುಮತಿ ಅವಧಿ ಮೀರಿ ಬಿದ್ದುಹೋಯಿತೆಂದರೆ ಅಷ್ಟು ಕೋಣೆಗಳು ಮತ್ತೆ ಕೆಲವು ವರ್ಷ ಹಿಂದಕ್ಕೆ ಹೋದಂತೆ. ಹಾಗಾಗದಿರಲಿ ಎಂದು, ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ವಿಸ್ತರಣೆಯ ಬಾಗಿಲು ಮುಚ್ಚಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ

1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಅನುಮತಿ ಸಿಕ್ಕ ಮೇಲೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೆಲಸ ಆರಂಭವಾಗಬೇಕು. 2005ರವರೆಗೆ ಇದು ಐದು ವರ್ಷವಿತ್ತು. ವೇಲ್ಸ್‌ನಲ್ಲಿ ಈಗಲೂ ಐದೇ. ಅನುಮತಿಯ ಷರತ್ತುಗಳನ್ನು ಬದಲಿಸಿಕೊಳ್ಳಲು 73ನೇ ಸೆಕ್ಷನ್ ಇದೆ. ಆದರೆ ಆರಂಭದ ಗಡುವನ್ನು ಅದರ ಮೂಲಕ ಮುಂದೂಡುವಂತಿಲ್ಲ ಎಂದು ಅದೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ.

‘ಹಿಂದೆ ನಮ್ಮ ಪರಿಚಯದವರಿಗೆ ಕೊಟ್ಟಿದ್ದರಲ್ಲ’ ಎಂದು ಕೆಲವರು ಕೇಳುತ್ತಾರೆ. ಕೊಟ್ಟಿದ್ದು ನಿಜ. ಆರ್ಥಿಕ ಕುಸಿತದ ನಂತರ, 2009ರ ಅಕ್ಟೋಬರ್‌ನಿಂದ, ಆಗ ಜಾರಿಯಲ್ಲಿದ್ದ ಅನುಮತಿಗಳಿಗೆ ಬದಲಿ ಅನುಮತಿ ಪಡೆಯುವ ಸರಳ ದಾರಿ ತೆರೆದಿದ್ದರು. ಕೋವಿಡ್ ಕಾಲದಲ್ಲಿ, 2020ರ ಬಿಸಿನೆಸ್ ಅಂಡ್ ಪ್ಲಾನಿಂಗ್ ಕಾಯ್ದೆಯು ಆ ವರ್ಷ ಮುಗಿಯಬೇಕಿದ್ದ ಅನುಮತಿಗಳಿಗೆ 2021ರ ಮೇ 1ರವರೆಗೆ ಸಮಯ ಕೊಟ್ಟಿತು. ಎರಡೂ ಆಯಾ ಸಂಕಟಕ್ಕಾಗಿ ಮಾಡಿದ ತಾತ್ಕಾಲಿಕ ಏರ್ಪಾಡು; ಎರಡೂ ಮುಗಿದಿವೆ. ಅನುಮತಿಯನ್ನೇ ಪ್ರಶ್ನಿಸಿ ಯಾರಾದರೂ ಕೋರ್ಟಿಗೆ ಹೋದರೆ ಮಾತ್ರ ಕಾನೂನು ತಾನಾಗಿ ಒಂದು ವರ್ಷ ಸೇರಿಸುತ್ತದೆ. ಅದನ್ನು ನೆಚ್ಚಿಕೊಂಡು ಯಾರೂ ಯೋಜನೆ ಹಾಕಲಾರರು.

2. ಹೆಚ್ಚು ಸಮಯ ಬೇಕಿದ್ದರೆ ಅನುಮತಿ ಬರುವ ಮೊದಲೇ ಕೇಳಿ

ಮೂರು ವರ್ಷ ಎನ್ನುವುದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಕಾರಣವಿದ್ದರೆ ಅನುಮತಿ ಕೊಡುವ ಸ್ಥಳೀಯ ಕೌನ್ಸಿಲ್ ಹೆಚ್ಚಿನ ಅವಧಿಯನ್ನೂ ನಿಗದಿಪಡಿಸಬಹುದು. ಆದರೆ ಆ ಅವಕಾಶ ಇರುವುದು ಆದೇಶ ಹೊರಬೀಳುವವರೆಗೆ ಮಾತ್ರ. ಹಳೆಯ ಕಟ್ಟಡದಲ್ಲಿ ಈಗಾಗಲೇ ವಾಸಿಸುತ್ತಿರುವ ವೃದ್ಧರನ್ನು ಹಂತಹಂತವಾಗಿ ಸ್ಥಳಾಂತರಿಸಬೇಕು, ಜಾಗದ ಗುತ್ತಿಗೆ ಇನ್ನೆರಡು ವರ್ಷ ಇದೆ ಎಂಬಂಥ ನಿಜವಾದ ಕಾರಣಗಳಿದ್ದರೆ ಅರ್ಜಿಯ ಜೊತೆಗೇ ಬರೆದುಕೊಡಿ.

ಯೋಜನೆಯ ಸ್ಥೂಲ ರೂಪಕ್ಕೆ ಮಾತ್ರ ಮೊದಲು ಒಪ್ಪಿಗೆ ಪಡೆಯುವ ಔಟ್‌ಲೈನ್ ಅನುಮತಿಯ ದಾರಿಯೂ ಇದೆ. ಅದರಲ್ಲಿ ಉಳಿದ ವಿವರಗಳ ಅರ್ಜಿ ಹಾಕಲು ಮೂರು ವರ್ಷ, ಕೊನೆಯ ವಿವರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಶುರು ಮಾಡಲು ಎರಡು ವರ್ಷ ಸಿಗುತ್ತದೆ. ಕೇರ್ ಹೋಂ ನಡೆಸುವ ಸಂಸ್ಥೆ ಯಾವುದೆಂದು ಇನ್ನೂ ಗೊತ್ತಾಗದಿದ್ದಾಗ ಈ ದಾರಿ ಒಳ್ಳೆಯದು. ಕೋಣೆಯ ಅಳತೆಯಿಂದ ಹಿಡಿದು ನರ್ಸ್ ಕೂರುವ ಜಾಗದವರೆಗೆ ಪ್ರತಿ ಸಂಸ್ಥೆಗೂ ತನ್ನದೇ ಕ್ರಮವಿರುತ್ತದೆ.

3. ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಆದೇಶ ಕೈಗೆ ಬಂದ ವಾರವೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಗಡುವಿನಿಂದ ಹಿಂದಕ್ಕೆ ಬನ್ನಿ. ಇಲ್ಲಿ ಪ್ರಕೃತಿಗೂ ಒಂದು ವೇಳಾಪಟ್ಟಿ ಇದೆ. ಹಳೆಯ ಕಟ್ಟಡದ ಮಾಡಿನಿಂದ ಬಾವಲಿಗಳು ಹೊರಬರುವುದನ್ನು ಕಾದು ನೋಡುವ ಸರ್ವೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ನಡೆಯುತ್ತದೆ. ಬಾವಲಿಗಳ ನೆಲೆ ಇದ್ದರೆ ಕಟ್ಟಡ ಒಡೆಯಲು ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಯ ಲೈಸೆನ್ಸ್ ಬೇಕು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಮರ, ಬೇಲಿ ತೆಗೆಯಲು ಕೈ ಹಾಕಬಾರದು.

ಹೀಗಾಗಿ ಜೂನ್‌ನಲ್ಲಿ ಅವಧಿ ಮುಗಿಯುವ ಅನುಮತಿಗೆ ಮರ ತೆಗೆಯುವ ಕೆಲಸ ಅದಕ್ಕೂ ಹಿಂದಿನ ಫೆಬ್ರವರಿಯೊಳಗೆ ಮುಗಿದಿರಬೇಕು. ಬಾವಲಿ ಸರ್ವೆ ಅದಕ್ಕೂ ಹಿಂದಿನ ಬೇಸಿಗೆಯಲ್ಲೇ ಆಗಿರಬೇಕು. ಕಾಗದದ ಮೇಲೆ ಮೂರು ವರ್ಷ ಎಂದಿದ್ದದ್ದು ಕೈಯಲ್ಲಿ ಎರಡೇ ವರ್ಷವಾಗಿ ಉಳಿಯುವುದು ಹೀಗೆ. ಮುಖ್ಯರಸ್ತೆಗೆ ಹೊಸ ದಾರಿ ಕೂಡಿಸಬೇಕಿದ್ದರೆ ಹೆದ್ದಾರಿ ಇಲಾಖೆಯೊಂದಿಗಿನ ಒಪ್ಪಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.

4. ‘ಆರಂಭಕ್ಕೆ ಮುನ್ನ’ ಎಂದಿರುವ ಷರತ್ತುಗಳನ್ನು ಒಂದೂ ಬಿಡದೆ ತೀರಿಸಿ

ಅನುಮತಿಗಳು ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಮಳೆನೀರು ಹರಿಯುವ ವ್ಯವಸ್ಥೆ, ಮಣ್ಣಿನಲ್ಲಿ ವಿಷಾಂಶವಿದೆಯೇ ಎಂಬ ಪರೀಕ್ಷೆ, ಪುರಾತತ್ವ ಶೋಧ, ಲಾರಿಗಳ ಓಡಾಟದ ಯೋಜನೆ ಮುಂತಾದವಕ್ಕೆ ಕೌನ್ಸಿಲ್‌ನ ಲಿಖಿತ ಒಪ್ಪಿಗೆ ಸಿಗುವವರೆಗೆ ಕೆಲಸ ಆರಂಭಿಸಬಾರದು ಎಂಬ ಷರತ್ತುಗಳಿರುತ್ತವೆ. ಅವುಗಳನ್ನು ಮೀರಿ ಮಾಡಿದ ಕೆಲಸ ಆರಂಭವೆಂದು ಲೆಕ್ಕಕ್ಕೆ ಬರುವುದಿಲ್ಲ ಎಂಬ ತತ್ವ 1992ರ ವಿಟ್ಲಿ ಪ್ರಕರಣದಿಂದ ಗಟ್ಟಿಯಾಯಿತು. ಅದಕ್ಕೆ ವಿನಾಯಿತಿಗಳಿವೆ, ನಿಜ. ಆದರೆ ವಿನಾಯಿತಿಯನ್ನು ನಂಬಿ ಕೋಟಿಗಟ್ಟಲೆ ಬಂಡವಾಳ ಹೂಡಲು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ಷರತ್ತು ತೀರಿಸುವ ಅರ್ಜಿಗೆ ಉತ್ತರಿಸಲು ಕೌನ್ಸಿಲ್‌ಗೆ ಎಂಟು ವಾರ ಕಾಲಾವಕಾಶವಿದೆ. ಸ್ಪಷ್ಟನೆ ಕೇಳಿದರೆ, ಹೊಸ ವರದಿ ಬೇಕೆಂದರೆ, ಅದು ಇನ್ನೂ ಬೆಳೆಯುತ್ತದೆ. ಗಡುವಿಗೆ ಒಂಬತ್ತು ತಿಂಗಳಿರುವಾಗಲೇ ಎಲ್ಲ ಅರ್ಜಿಗಳೂ ಕೌನ್ಸಿಲ್‌ನಲ್ಲಿರಲಿ ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ.

ಇನ್ನೂ ಮುಂಚೆ ಒಂದು ಅವಕಾಶವಿದೆ. 2018ರ ಅಕ್ಟೋಬರ್‌ನಿಂದ ಇಂಥ ಷರತ್ತು ಹಾಕಲು ಅರ್ಜಿದಾರರ ಲಿಖಿತ ಒಪ್ಪಿಗೆ ಬೇಕು. ಕೌನ್ಸಿಲ್ ಕರಡು ಕಳಿಸಿದ ಮೇಲೆ ಉತ್ತರಿಸಲು ಹತ್ತು ಕೆಲಸದ ದಿನ ಸಿಗುತ್ತದೆ. ಆಗ ಕೂತು ಒಂದೊಂದನ್ನೂ ಓದಿ. ಗೋಡೆಯ ಇಟ್ಟಿಗೆಯ ಬಣ್ಣವನ್ನು ಪಾಯ ಅಗೆಯುವ ಮೊದಲೇ ಒಪ್ಪಿಸುವ ಅಗತ್ಯವಿಲ್ಲ. ‘ನೆಲಮಟ್ಟದ ಮೇಲಿನ ಕೆಲಸಕ್ಕೆ ಮುನ್ನ’ ಎಂದು ತಿದ್ದಿಸಿ. ಕೈತೋಟದ ವಿವರಕ್ಕೆ ‘ವಾಸಕ್ಕೆ ಮುನ್ನ’ ಎಂದರೆ ಸಾಕು.

5. ಸಣ್ಣ ಕೆಲಸ ಸಾಕು, ಆದರೆ ಅದು ನಕ್ಷೆಯಂತೆ ನಡೆದಿರಬೇಕು

ಯಾವುದು ಆರಂಭ ಎಂಬುದನ್ನು ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ. ಪಾಯಕ್ಕೆಂದು ಅಗೆದ ಕಾಲುವೆ, ಪಾಯದವರೆಗೆ ಎಳೆದ ನೆಲದಡಿಯ ಕೊಳವೆ, ರಸ್ತೆ ನಿರ್ಮಾಣದ ಕೆಲಸ, ಕಟ್ಟಡ ಕೆಡವುವುದು, ಇವೆಲ್ಲ ಅದರಲ್ಲಿವೆ. 1982ರ ಮಾಲ್ವರ್ನ್ ಹಿಲ್ಸ್ ಪ್ರಕರಣದಲ್ಲಿ ರಸ್ತೆಯ ಗುರುತಿಗೆ ಗೂಟ ನೆಟ್ಟದ್ದೂ ಸಾಕೆಂದಾಯಿತು. ಆದರೂ ನಾನು ಗೂಟಕ್ಕೆ ನಿಲ್ಲಿಸುವುದಿಲ್ಲ, ಪಾಯದವರೆಗೆ ಹೋಗಿ ಎನ್ನುತ್ತೇನೆ.

ಮಿಡ್‌ಲ್ಯಾಂಡ್ಸ್‌ನ ಒಂದು ಪಟ್ಟಣದಂಚಿನ ಜಾಗದಲ್ಲಿ ನಾನು ಕಂಡ ಆರಂಭ ಹೀಗಿತ್ತು. ಬೆಳಗ್ಗೆ ಸರ್ವೆಯರ್ ಬಂದು ಅನುಮೋದಿತ ನಕ್ಷೆಯ ಅಂಕಿಗಳನ್ನು ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣಕ್ಕೆ ಹಾಕಿ, ಅಡುಗೆಮನೆ ಭಾಗದ ಮೂಲೆಗಳಿಗೆ ಗೂಟ ಹೊಡೆದರು. ಗೂಟದಿಂದ ಗೂಟಕ್ಕೆ ಬಣ್ಣದ ಗೆರೆ ಎಳೆದದ್ದಾಯಿತು. ಸಣ್ಣ ಡಿಗ್ಗರ್ ಆ ಗೆರೆಯ ಗುಂಟ ಕೆಂಪು ಜೇಡಿಯನ್ನು ಬಗೆದು ತೆಗೆಯಿತು. ಎಂಜಿನಿಯರ್ ಕೋಲು ಇಳಿಸಿ ಆಳ ಅಳೆದರು. ಬಿಲ್ಡಿಂಗ್ ಇನ್ಸ್‌ಪೆಕ್ಟರ್ ತಳದ ಮಣ್ಣನ್ನು ನೋಡಿ, ಆಳ ಸಾಕೆಂದು ಬರೆದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಕಾಂಕ್ರೀಟ್ ಲಾರಿ ಬಂತು. ಆ ಅನುಮತಿ ಉಳಿಯಿತು.

ಅದೇ ಡಿಗ್ಗರ್ ನಕ್ಷೆಯಲ್ಲಿಲ್ಲದ ಕಡೆ ದೊಡ್ಡ ಹೊಂಡವನ್ನೇ ತೋಡಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಇನ್ನೊಂದು ಎಚ್ಚರ: ಕಟ್ಟಡದ ಗುಣಮಟ್ಟ, ಸುರಕ್ಷತೆ ನೋಡುವ ಬಿಲ್ಡಿಂಗ್ ಕಂಟ್ರೋಲ್‌ನ ಲೆಕ್ಕ ಬೇರೆ. 2023ರ ಅಕ್ಟೋಬರ್‌ನಿಂದ ಅಲ್ಲಿ ಪಾಯವೂ ಕೆಳಮಹಡಿಯ ರಚನೆಯೂ ಆದ ಮೇಲಷ್ಟೇ ಆರಂಭ ಎನ್ನುತ್ತಾರೆ. ಅದಕ್ಕೂ ಮೂರು ವರ್ಷದ ಗಡುವಿದೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

6. ಸಾಕ್ಷಿ ಇಲ್ಲದ ಆರಂಭವನ್ನು ಯಾರೂ ನಂಬುವುದಿಲ್ಲ

ಐದು ವರ್ಷದ ನಂತರ ಜಾಗ ಕೊಳ್ಳಲು ಬಂದವರ ವಕೀಲರು ಕೇಳುವುದು ಒಂದೇ: ಕೆಲಸ ಆ ದಿನ ಶುರುವಾಯಿತು ಎಂಬುದಕ್ಕೆ ಏನಿದೆ? ಅಷ್ಟರಲ್ಲಿ ಕಾಲುವೆಯ ಮೇಲೆ ಹುಲ್ಲು ಬೆಳೆದಿರುತ್ತದೆ. ದಿನಾಂಕವಿರುವ ಫೋಟೊ, ಸರ್ವೆಯರ್ ಕೊಟ್ಟ ಅಳತೆಯ ನಕ್ಷೆ, ಗುತ್ತಿಗೆದಾರರ ಬಿಲ್, ಕಾಂಕ್ರೀಟ್ ತಂದ ಚೀಟಿ, ಇನ್ಸ್‌ಪೆಕ್ಟರ್ ಟಿಪ್ಪಣಿ, ಷರತ್ತು ತೀರಿದ ಪತ್ರಗಳು, ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಸಾಧ್ಯವಾದರೆ, ಕೆಲಸ ಕಾನೂನುಬದ್ಧವೆಂದು ದೃಢಪಡಿಸುವ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟನ್ನು ಕೌನ್ಸಿಲ್‌ನಿಂದ ಪಡೆಯಿರಿ. ಅದು ಕೈಗೆ ಬಂದರೆ ಬ್ಯಾಂಕಿನವರ ಅರ್ಧ ಪ್ರಶ್ನೆಗಳು ನಿಲ್ಲುತ್ತವೆ.

7. ಪಾಯ ಅಗೆಯುವ ಮುನ್ನ ಹಣದ ಗಂಟುಗಳನ್ನು ಬಿಚ್ಚಿ

ಕೆಲವು ಕೌನ್ಸಿಲ್‌ಗಳಲ್ಲಿ ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ ಎಂಬ ಶುಲ್ಕವಿದೆ. ಕೇರ್ ಹೋಂಗೆ ಅನೇಕ ಕಡೆ ಶೂನ್ಯ ದರ, ಎಲ್ಲ ಕಡೆ ಅಲ್ಲ. ಶುಲ್ಕ ಅನ್ವಯಿಸುವಲ್ಲಿ ಆರಂಭದ ನೋಟಿಸ್ ಹಿಂದಿನ ದಿನದೊಳಗೆ ಕೌನ್ಸಿಲ್ ತಲುಪಿರಬೇಕು. ತಪ್ಪಿದರೆ ದಂಡ ಬೀಳಬಹುದು, ಶುಲ್ಕದ ಶೇ. 20 ಅಥವಾ 2,500 ಪೌಂಡ್, ಯಾವುದು ಕಡಿಮೆಯೋ ಅದು. ಅದಕ್ಕಿಂತ ನೋವಿನದು ಕಂತಿನ ಸೌಲಭ್ಯ ಹೋಗಿ ಇಡೀ ಮೊತ್ತ ಒಮ್ಮೆಗೇ ಕಟ್ಟಬೇಕಾಗುವುದು.

ಅನುಮತಿಯ ಜೊತೆಗೆ ಹಣ ಮುಂತಾದ ಹೊಣೆಗಳನ್ನು ಒಪ್ಪಿಕೊಂಡ, ಕಾಯ್ದೆಯ 106ನೇ ಸೆಕ್ಷನ್‌ನ ಒಪ್ಪಂದವಿದ್ದರೆ ಅದರಲ್ಲಿ ‘ಆರಂಭ’ಕ್ಕೆ ಯಾವ ಅರ್ಥ ಕೊಟ್ಟಿದ್ದಾರೆ ಎಂದು ಓದಿ. ಕಟ್ಟಡ ಕೆಡವುವುದನ್ನು, ಜಾಗ ಸಮತಟ್ಟು ಮಾಡುವುದನ್ನು ಹಲವು ಒಪ್ಪಂದಗಳು ಆರಂಭವೆಂದು ಎಣಿಸುವುದಿಲ್ಲ. ಯಾವ ಗುದ್ದಲಿ ಏಟಿಗೆ ಯಾವ ಹಣ ಕಟ್ಟಬೇಕಾಗುತ್ತದೆ ಎಂಬುದು ಮೊದಲೇ ತಿಳಿದಿರಬೇಕು.

8. ನಕ್ಷೆ ಹಳತಾಗಿದೆಯೇ ನೋಡಿ

ಅನುಮತಿ ಬದುಕಿದ್ದರೂ ಅದರೊಳಗಿನ ಕಟ್ಟಡ ಇಂದಿನ ನಿಯಮಕ್ಕೆ ಹೊಂದದೆ ಇರಬಹುದು. 2025ರ ಮಾರ್ಚ್ 2ರಿಂದ ಇಂಗ್ಲೆಂಡಿನ ಹೊಸ ಕೇರ್ ಹೋಂಗಳೆಲ್ಲ, ಎತ್ತರ ಎಷ್ಟೇ ಇರಲಿ, ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಹೊಂದಿರಬೇಕೆಂಬ ಮಾರ್ಗಸೂಚಿ ಬಂದಿದೆ. ಎದ್ದು ಓಡಲಾರದವರು ಮಲಗಿರುವ ಕಟ್ಟಡಕ್ಕೆ ಇದು ಬೇಕೇ ಬೇಕಾದದ್ದು. ಆದರೆ ಅದಕ್ಕೆ ನೀರಿನ ಟ್ಯಾಂಕ್, ಪಂಪ್ ಕೋಣೆ ಬೇಕು. 2022ರ ನಕ್ಷೆಯಲ್ಲಿ ಆ ಜಾಗದಲ್ಲಿ ಪಾರ್ಕಿಂಗ್ ಇದ್ದರೆ?

ಬದಲಾವಣೆ ಚಿಕ್ಕದಾದರೆ ಸಣ್ಣ ತಿದ್ದುಪಡಿಯ ಅರ್ಜಿ, ದೊಡ್ಡದಾದರೆ 73ನೇ ಸೆಕ್ಷನ್. 73ರಲ್ಲಿ ಸಿಗುವುದು ಹೊಸ ಅನುಮತಿಯೇ, ಆದರೆ ಆರಂಭದ ಗಡುವು ಮಾತ್ರ ಹಳೆಯದೇ. ಪಾತ್ರೆ ಬದಲಿಸಿದ ಮಾತ್ರಕ್ಕೆ ನಿನ್ನೆಯ ಹಾಲು ಇಂದಿನದಾಗುವುದಿಲ್ಲ.

9. ಹೊಸ ಅರ್ಜಿ ಅನಿವಾರ್ಯವಾದರೆ ಹಳೆಯದು ಜೀವಂತ ಇರುವಾಗಲೇ ಹಾಕಿ

ಗಡುವಿನೊಳಗೆ ಆರಂಭಿಸಲಾಗದು ಎಂದು ಖಚಿತವಾದರೆ ಪೂರ್ಣ ಪ್ರಮಾಣದ ಹೊಸ ಅರ್ಜಿಯೊಂದೇ ದಾರಿ. ದೊಡ್ಡ ಯೋಜನೆಗೆ ನಿರ್ಧಾರದ ಅವಧಿ 13 ವಾರ, ವಾಸ್ತವದಲ್ಲಿ ಇನ್ನೂ ಹೆಚ್ಚು. ಹಳೆಯ ಅನುಮತಿ ಜೀವಂತವಿದ್ದು, ಅದರಂತೆ ಕಟ್ಟುವ ನಿಜವಾದ ಸಾಧ್ಯತೆಯೂ ಇದ್ದರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಅವಧಿ ಮುಗಿದ ಮರುದಿನ ಅದರ ತೂಕ ಇಳಿದುಹೋಗುತ್ತದೆ.

ಹೊಸ ಅರ್ಜಿಯನ್ನು ಇಂದಿನ ನಿಯಮಗಳಿಂದಲೇ ಅಳೆಯುತ್ತಾರೆ. ಜಾಗದ ಜೀವವೈವಿಧ್ಯವನ್ನು ಶೇ. 10ರಷ್ಟು ಹೆಚ್ಚಿಸಬೇಕೆಂಬ ನಿಯಮ ದೊಡ್ಡ ಯೋಜನೆಗಳಿಗೆ 2024ರ ಫೆಬ್ರವರಿ 12ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚಿನ ಅರ್ಜಿಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಹಳೆಯ ಅನುಮತಿಯನ್ನು ಕಳೆದುಕೊಂಡವರು ಹುಲ್ಲುಗಾವಲಿಗೆ, ಬೇಲಿಸಾಲಿಗೆ ಹೊಸದಾಗಿ ಜಾಗ ಹುಡುಕಬೇಕಾಗುತ್ತದೆ. ಹಳೆಯ ಸರ್ವೆಗಳೂ ಮತ್ತೆ ಆಗಬೇಕಾಗುತ್ತದೆ.

10. ಶುರು ಮಾಡಿದ್ದನ್ನು ಮುಗಿಸಿ

ಪಾಯ ಹಾಕಿದ ಮೇಲೆ ಅನುಮತಿ ಉಳಿಯುತ್ತದೆ. ಆ ಧೈರ್ಯದಲ್ಲಿ ಜಾಗಕ್ಕೆ ಬೇಲಿ ಹಾಕಿ ವರ್ಷಗಟ್ಟಲೆ ಬಿಡುವವರಿದ್ದಾರೆ. ಕೌನ್ಸಿಲ್ ಬಯಸಿದರೆ ಕನಿಷ್ಠ 12 ತಿಂಗಳ ಗಡುವು ಕೊಟ್ಟು ಮುಗಿಸುವ ನೋಟಿಸ್ ಕೊಡಬಹುದು. ಆಗಲೂ ಮುಗಿಯದಿದ್ದರೆ ಉಳಿದ ಭಾಗದ ಅನುಮತಿ ಹೋಗುತ್ತದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಅಕ್ಕಪಕ್ಕದವರು ಗದ್ದಲ, ಧೂಳು, ಲಾರಿಗಳನ್ನು ಸಹಿಸಲು ಒಪ್ಪಿದ್ದು ಅಲ್ಲಿ ವೃದ್ಧರಿಗೊಂದು ಮನೆಯಾಗುತ್ತದೆ ಎಂದು. ಹಳೆಯ ಕೇರ್ ಹೋಂನ ಪಕ್ಕದಲ್ಲೇ ಕಟ್ಟುವುದಾದರೆ ಡಿಮೆನ್ಷಿಯಾ ಇರುವವರು ಗೋಡೆಯಾಚೆ ಮಲಗಿರುತ್ತಾರೆ. ಕೊರೆಯುವ ಯಂತ್ರ ಯಾವ ಹೊತ್ತಿಗೆ ನಡೆಯಬೇಕು ಎಂಬುದನ್ನು ಅವರ ಆರೈಕೆ ಮಾಡುವ ಸಿಬ್ಬಂದಿಯನ್ನು ಕೇಳಿ ತೀರ್ಮಾನಿಸಿ.

ಈ ಹತ್ತನ್ನೂ ಕೂಡಿಸಿದರೆ ನಾನು ಹೇಳುವುದು ಇಷ್ಟೇ. ಇಂಗ್ಲೆಂಡಿನ ಕಾನೂನಿನಲ್ಲಿ ಒಮ್ಮೆ ಸಿಕ್ಕ ಅನುಮತಿಯ ಆಯಸ್ಸನ್ನು ಕೇಳಿ ಹೆಚ್ಚಿಸಿಕೊಳ್ಳಲಾಗದು, ಕೆಲಸ ಮಾಡಿಯೇ ಉಳಿಸಿಕೊಳ್ಳಬೇಕು. ಆದೇಶ ಬಂದ ಮೊದಲ ತಿಂಗಳಲ್ಲೇ ವಾಸ್ತುಶಿಲ್ಪಿ, ಎಂಜಿನಿಯರ್, ಪರಿಸರ ತಜ್ಞ, ವಕೀಲ, ಸಾಲ ಕೊಡುವವರು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ. ಯಾವ ಷರತ್ತು ಯಾರ ಪಾಲು, ಯಾವ ತಿಂಗಳೊಳಗೆ ಮುಗಿಯಬೇಕು ಎಂದು ಹೆಸರು ಸಮೇತ ಬರೆಯಿರಿ. ಆ ಒಂದು ಹಾಳೆ ಸರಿಯಾಗಿದ್ದರೆ ಗಡುವಿನ ಹೊತ್ತಿಗೆ ವಿಸ್ತರಣೆಯ ಮಾತೇ ಬರುವುದಿಲ್ಲ.