ವೃತ್ತಪತ್ರಿಕೆಯ ಮೂಲಕ ಮರಾಠಿ ಕಲಿಕೆ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗನು ಮರಾಠಿಯನ್ನು ಮೊದಲು ಕಿವಿಯಿಂದ ಕಲಿಯುತ್ತಾನೆ. ತರಕಾರಿ ಮಾರುಕಟ್ಟೆ, ಲೋಕಲ್ ಗಾಡಿ, ಚಾಳಿನ ನೆರೆಹೊರೆ ಇವೇ ಅವನ ಪಾಠಶಾಲೆಗಳು. ಕೆಲವು ವರ್ಷಗಳಲ್ಲಿ ಮಾತು ನಾಲಗೆಗೆ ಹತ್ತುತ್ತದೆ; ಓದು ಮಾತ್ರ ಹಿಂದೆ ಉಳಿಯುತ್ತದೆ. ಇಪ್ಪತ್ತು ವರ್ಷ ಇಲ್ಲಿ ಬಾಳಿದವರೂ ಹೌಸಿಂಗ್ ಸೊಸೈಟಿಯ ಸುತ್ತೋಲೆಯನ್ನೋ ಮಹಾನಗರಪಾಲಿಕೆಯ ಪ್ರಕಟಣೆಯನ್ನೋ ಮಕ್ಕಳ ಕೈಗಿತ್ತು ಓದಿಸಿಕೊಳ್ಳುವುದುಂಟು. ಈ ಪರಾವಲಂಬನೆಯನ್ನು ನೀಗಿಕೊಳ್ಳಲು ಬೃಹತ್ ವ್ಯಾಕರಣ ಗ್ರಂಥವಾಗಲಿ, ಶುಲ್ಕ ತೆತ್ತು ಸೇರುವ ತರಗತಿಯಾಗಲಿ ಅನಿವಾರ್ಯವಲ್ಲ. ದಿನಕ್ಕೊಂದು ಮರಾಠಿ ಪತ್ರಿಕೆ ಸಾಕು. ಆದರೆ ಅದನ್ನು ಓದುವ ಕ್ರಮವು ಕಲಿಯುವವನ ಮಟ್ಟಕ್ಕೆ ತಕ್ಕಂತಿರಬೇಕು.

ಪತ್ರಿಕೆಯಲ್ಲಿ ಎರಡು ಭಾಷೆಗಳನ್ನು ಎದುರುಬದುರು ಇರಿಸುವುದು ಈ ನಗರಕ್ಕೆ ಹೊಸದಲ್ಲ. ಬಾಳಶಾಸ್ತ್ರೀ ಜಾಂಭೇಕರರು 1832ರ ಜನವರಿ 6ರಂದು ಇಲ್ಲಿ ಆರಂಭಿಸಿದ ‘ದರ್ಪಣ’ವು ಮರಾಠಿಯ ಮೊದಲ ವೃತ್ತಪತ್ರಿಕೆಯೆಂದು ಮಾನ್ಯವಾಗಿದೆ. ಅದರಲ್ಲಿ ಒಂದು ಅಂಕಣ ಇಂಗ್ಲಿಷಿನಲ್ಲಿ, ಮಗ್ಗುಲ ಅಂಕಣ ಮರಾಠಿಯಲ್ಲಿ ಅಚ್ಚಾಗುತ್ತಿತ್ತು. ಬಲ್ಲ ಭಾಷೆಯ ಆಸರೆಯಿಂದ ಅರಿಯದ ಭಾಷೆಗೆ ದಾಟುವ ಇಂಥ ಏರ್ಪಾಡನ್ನು ಯಾರಾದರೂ ತಮ್ಮ ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಕೈಯಲ್ಲಿರುವ ಬಂಡವಾಳ

ಕನ್ನಡಿಗನು ಈ ವ್ಯವಹಾರವನ್ನು ಬರಿಗೈಯಲ್ಲಿ ಆರಂಭಿಸುವುದಿಲ್ಲ. ಎರಡು ಭಾಷೆಗಳಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಳ’ಕಾರ ಎರಡರಲ್ಲೂ ಇದೆ. ಅಪಘಾತ, ಶಿಕ್ಷಣ, ರಾಜೀನಾಮಾ, ರಕ್ತದಾನ ಶಿಬಿರ ಮುಂತಾದ ಮಾತುಗಳಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ. ಇಂಗ್ಲಿಷಿನ ನಾವೆಲ್ಲಿಗೆ ಹಿಂದಿಯಲ್ಲಿ ‘ಉಪನ್ಯಾಸ’ ಎಂದರೆ ಮರಾಠಿಯಲ್ಲಿ ನಮ್ಮಂತೆಯೇ ‘ಕಾದಂಬರಿ’. ಅವರ ‘ತೂಪ’ ನಮ್ಮ ತುಪ್ಪವೇ.

ಮೊದಲ ಮೆಟ್ಟಿಲು: ಅಕ್ಷರ ಮತ್ತು ತಲೆಬರಹ

ದೇವನಾಗರಿ ಅಂಕಿಗಳನ್ನು ಬೆಸ್ಟ್ ಬಸ್ಸಿನ ಹಣೆಯ ಮೇಲೆಯೇ ಕಲಿಯಬಹುದು. ಅಕ್ಷರಗಳು ಪರಿಚಯವಾದ ಬಳಿಕ ಕೆಲವು ವಾರ ತಲೆಬರಹಗಳನ್ನೂ ಚಿಕ್ಕ ಪ್ರಕಟಣೆಗಳನ್ನೂ ಮಾತ್ರ ಓದಬೇಕು. ‘ಪಾಣೀಕಪಾತ’ ಎಂದರೆ ನೀರಿನ ಕಡಿತ. ‘ಹಿವತಾಪ’ ಎಂದರೆ ಮಲೇರಿಯಾ. ‘ಲಸೀಕರಣ’ ಎಂದರೆ ಲಸಿಕೆ ಹಾಕುವುದು. ಭಾನುವಾರದ ಮೆಗಾಬ್ಲಾಕಿನ ವಾರ್ತೆಯಂತೂ ಉತ್ತಮ ಪಾಠ. ನಿಲ್ದಾಣಗಳ ಹೆಸರು ಬಾಯಿಪಾಠವಾಗಿರುವುದರಿಂದ ನಡುವಣ ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಆದರೆ ಪತ್ರಿಕೆಯು ಉಚ್ಚಾರವನ್ನು ಕಲಿಸಲಾರದು. ‘ಘರ’ ಎಂದು ಬರೆದುದನ್ನು ‘ಘರ್’ ಎಂದು ಓದಬೇಕು. ‘ಚೋರ’ ಎಂಬಲ್ಲಿಯ ಚಕಾರ ‘ತ್ಸ’ಕಾರಕ್ಕೆ ಸಮೀಪವಾದುದು. ಆದಕಾರಣ ನೆರೆಯವರೊಬ್ಬರ ಮುಂದೆ ಗಟ್ಟಿಯಾಗಿ ಓದುವುದು ಲೇಸು.

ಎರಡನೆಯ ಮೆಟ್ಟಿಲು: ಪೂರ್ಣ ವಾರ್ತೆ

ಒಂದು ಘಟನೆಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಅನಂತರ ಅದನ್ನೇ ಮರಾಠಿ ಪತ್ರಿಕೆಯಲ್ಲಿ ಓದಬೇಕು. ತಿಳಿಯದ ಪ್ರತಿಯೊಂದು ಪದಕ್ಕೂ ನಿಘಂಟನ್ನು ತೆರೆದರೆ ಉತ್ಸಾಹ ಬತ್ತುವುದು. ಪುನಃ ಪುನಃ ಬರುವ ಪದಗಳನ್ನು ಮಾತ್ರ, ಅವು ಬಂದ ವಾಕ್ಯಸಹಿತ, ಪುಸ್ತಕದಲ್ಲಿ ಬರೆದಿಡಬೇಕು. ‘ಪಾಣೀ’ ಎಂಬ ಪದ ವಾಕ್ಯದಲ್ಲಿ ‘ಪಾಣ್ಯಾಚೀ’, ‘ಪಾಣ್ಯಾಲಾ’ ಎಂದು ರೂಪಾಂತರಗೊಳ್ಳುತ್ತದೆ. ಬಿಡಿಪದವನ್ನಷ್ಟೇ ಬಲ್ಲವನಿಗೆ ಅದರ ಗುರುತು ಸಿಕ್ಕದು.

ಕನ್ನಡಿಗನು ಬಹುವಾಗಿ ಎಡವುವುದು ಲಿಂಗವಿವಕ್ಷೆಯಲ್ಲಿ. ನಮ್ಮಲ್ಲಿ ಜಡವಸ್ತುಗಳೆಲ್ಲ ನಪುಂಸಕ, ಮರಾಠಿಯಲ್ಲಿ ಹಾಗಲ್ಲ. ಮಳೆಗಾಲದ ತಲೆಬರಹಗಳೇ ಇದಕ್ಕೆ ನಿದರ್ಶನ. ಸೇತುವೆ ಕುಸಿದರೆ ‘ಪೂಲ ಕೋಸಳಲಾ’, ಗೋಡೆ ಕುಸಿದರೆ ‘ಭಿಂತ ಕೋಸಳಲೀ’, ಮರ ಉರುಳಿದರೆ ‘ಝಾಡ ಕೋಸಳಲೇ’. ಒಂದೇ ಕ್ರಿಯಾಪದ, ಮೂರು ಅಂತ್ಯಗಳು. ವ್ಯಾಕರಣದ ಕೋಷ್ಟಕಕ್ಕಿಂತ ಇಂಥ ಮೂರು ತಲೆಬರಹಗಳು ನೆನಪಿನಲ್ಲಿ ಹೆಚ್ಚು ಕಾಲ ನಿಲ್ಲುತ್ತವೆ.

ಮೂರನೆಯ ಮೆಟ್ಟಿಲು: ಅಗ್ರಲೇಖ

ವಾರ್ತೆ ಸರಾಗವಾದ ಮೇಲೆ ಅಗ್ರಲೇಖಕ್ಕೂ ವಾಚಕರ ಪತ್ರಗಳಿಗೂ ಕೈಹಾಕಬಹುದು. ಒಂದೇ ವಿಷಯದ ಮೇಲೆ 1948ರಲ್ಲಿ ಹುಟ್ಟಿದ ‘ಲೋಕಸತ್ತಾ’ ಮತ್ತು 1962ರಲ್ಲಿ ಹುಟ್ಟಿದ ‘ಮಹಾರಾಷ್ಟ್ರ ಟೈಮ್ಸ್’ ಬರೆದುದನ್ನು ಹೋಲಿಸಿ ಓದಿದರೆ ಭಾಷೆಯೊಡನೆ ಈ ನಾಡಿನ ವಿಚಾರಧಾರೆಯೂ ಪರಿಚಯವಾಗುತ್ತದೆ.

ಈ ಹಂತದಲ್ಲಿ ಸಮಾನರೂಪದ ಪದಗಳ ಬಗ್ಗೆ ಎಚ್ಚರವಿರಬೇಕು. ‘ನಾಗರಿಕಾಂಮಧ್ಯೇ ಸಂತಾಪ’ ಎಂದಿದ್ದರೆ ನಾಗರಿಕರು ಶೋಕಿಸುತ್ತಿದ್ದಾರೆಂದಲ್ಲ, ರೊಚ್ಚಿಗೆದ್ದಿದ್ದಾರೆಂದು ಅರ್ಥ. ಮನೆ ಮಾರಾಟದ ಜಾಹೀರಾತಿನಲ್ಲಿ ‘ಪ್ರಶಸ್ತ’ ಎಂದರೆ ವಿಶಾಲವಾದುದು ಎಂದಷ್ಟೇ; ಶ್ರೇಷ್ಠವಾದುದು ಎಂದಲ್ಲ.

ಓದದಿದ್ದರೆ ಆಗುವ ನಷ್ಟ

ಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ‘ಜಾಹೀರ ನೋಟೀಸ’ನ್ನು ಹಲವರು ಕಡೆಗಣಿಸುತ್ತಾರೆ. ಮನೆ ಕೊಳ್ಳುವವರ ಪರವಾಗಿ ವಕೀಲರು, ಆ ಸ್ವತ್ತಿನಲ್ಲಿ ಹಕ್ಕುಳ್ಳವರು ನಿಗದಿತ ದಿನಗಳೊಳಗೆ ತಿಳಿಸಬೇಕೆಂದು ಪ್ರಕಟಿಸುವುದು ಇದರಲ್ಲಿಯೇ. ಊರಿಗೆ ಹೋದ ಅಣ್ಣತಮ್ಮಂದಿರ ಪಾಲಿನ ಮನೆಯೂ ಅಲ್ಲಿರಬಹುದು. ಸಾಲ ತೀರದಿದ್ದಾಗ 2002ರ ಸರ್ಫೇಸಿ ಕಾಯ್ದೆಯನ್ವಯ ಬ್ಯಾಂಕು ಸ್ಥಿರಾಸ್ತಿಯನ್ನು ಸ್ವಾಧೀನಪಡಿಸಿಕೊಂಡರೆ, ಆ ಸೂಚನೆಯನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕೆಂಬುದು ನಿಯಮ. ಮುಂಬಯಿಯಲ್ಲಿ ಆ ಭಾಷೆ ಸಾಮಾನ್ಯವಾಗಿ ಮರಾಠಿಯೇ.

ಆದುದರಿಂದ ಕೆಲವು ಪದಗಳನ್ನು ಎಲ್ಲರೂ ಅರಿತಿರಬೇಕು: ಠೇವ—ಠೇವಣಿ; ವ್ಯಾಜ—ಬಡ್ಡಿ; ತಾರಣ—ಸಾಲದ ಭದ್ರತೆ; ಗಹಾಣ—ಅಡಮಾನ; ಬೋಜಾ—ಸ್ವತ್ತಿನ ಮೇಲಿನ ಋಣಭಾರ; ಥಕಬಾಕಿ—ಸಂದಾಯವಾಗದೆ ಉಳಿದ ಬಾಕಿ; ತಾಬಾ—ಸ್ವಾಧೀನ; ಲಿಲಾವ—ಹರಾಜು; ಹರಕತ—ಆಕ್ಷೇಪಣೆ. ಜೀವಮಾನದ ಉಳಿತಾಯವನ್ನು ಒಂದು ಮನೆಗೆ ಸುರಿಯುವ ಮುನ್ನ ಇಷ್ಟು ಪದಗಳನ್ನು ಕಲಿಯುವುದು ಭಾರವಾಗಲಾರದು.

ಮಕ್ಕಳಿಗೆ ಕನ್ನಡ

ಇದೇ ಮೆಟ್ಟಿಲುಗಳನ್ನು ಇನ್ನೊಂದು ದಿಕ್ಕಿನಿಂದಲೂ ಏರಬಹುದು. ಇಲ್ಲಿಯೇ ಹುಟ್ಟಿದ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಕನ್ನಡದ ಅಕ್ಷರ ಮಾತ್ರ ಅರಿಯರು. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ವರ್ಣಮಾಲೆಯ ಜಾಡು ಹೊಸದಲ್ಲ. ಹ್ರಸ್ವವಾದ ‘ಎ’, ‘ಒ’ಗಳಂಥ ಕೆಲವನ್ನು ಹೊಸದಾಗಿ ಕಲಿತರಾಯಿತು. ಕ್ರಿಕೆಟ್ ವಾರ್ತೆಯಿಂದ ಅದು ತೊಡಗಲಿ. ಒಂದೇ ಸುದ್ದಿಯನ್ನು ತಂದೆ ಮರಾಠಿಯಲ್ಲಿ, ಮಗು ಕನ್ನಡದಲ್ಲಿ ಓದಿ ಪರಸ್ಪರ ತಿದ್ದಿಕೊಳ್ಳಲಿ. ಹಿರಿಯರು ಪರರ ಕಣ್ಣಿನಿಂದ ಓದುವ ದೈನ್ಯವೂ, ಕಿರಿಯರು ಅಜ್ಜನ ಕಾಗದವನ್ನು ಓದಲಾರದ ಕೊರತೆಯೂ ಹೀಗೆ ಒಂದೇ ಮೇಜಿನ ಬಳಿ ನೀಗಬಹುದು. ಇದಕ್ಕೆ ತಗಲುವ ವೆಚ್ಚವು ಎರಡು ಪತ್ರಿಕೆಗಳ ಬೆಲೆ ಮತ್ತು ದಿನದ ಅರ್ಧ ಗಂಟೆ ಮಾತ್ರ.