ಘಟ್ಟದ ಮಳೆಕಾಡು ಮತ್ತು ನಮ್ಮ ಹೊಲದ ನೀರು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ರೈತ ಬಾಂಧವರಿಗೆ ಮಳೆಕಾಡು ದೂರದ ಮಾತೆನಿಸಬಹುದು. ಆದರೆ ಹಾವೇರಿ ತಾಲ್ಲೂಕಿನಲ್ಲಿ ಹರಿಯುವ ವರದಾ ನದಿ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ತುಂಗೆ, ಭದ್ರೆಗಳು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗಿ ರಾಣೆಬೆನ್ನೂರಿನ ಅಂಚಿಗೆ ಬರುತ್ತವೆ. ಘಟ್ಟದ ಕಾಡು ಕೆಟ್ಟರೆ ನಮ್ಮ ಪಂಪ್‌ಸೆಟ್ಟಿಗೂ ಅದರ ಬಿಸಿ ತಟ್ಟುತ್ತದೆ.

ಕಾಡು ಮಾಡುವ ಕೆಲಸ

ಮುಂಗಾರಿನ ಮೋಡಗಳು ಘಟ್ಟಕ್ಕೆ ತಾಗಿ, ಮೇಲೇರಿ, ತಣಿದು ಮಳೆ ಸುರಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಮಳೆನೆರಳಿನ ರಾಣೆಬೆನ್ನೂರಿನಲ್ಲಿ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಮಳೆ ತರುವುದು ಮುಖ್ಯವಾಗಿ ಗಾಳಿ ಮತ್ತು ಬೆಟ್ಟ. ಬಿದ್ದ ನೀರನ್ನು ಹಿಡಿದಿಡುವುದು ಕಾಡು. ಎಲೆಗಳ ಚಪ್ಪರ ಹನಿಯ ಹೊಡೆತವನ್ನು ತಡೆಯುತ್ತದೆ. ತರಗೆಲೆ, ಬೇರು, ಎರೆಹುಳುಗಳಿಂದ ಸಡಿಲವಾದ ಮಣ್ಣು ನೀರನ್ನು ಇಂಗಿಸಿಕೊಂಡು ಒರತೆಗಳ ಮೂಲಕ ಮೆಲ್ಲನೆ ಬಿಡುತ್ತದೆ. ಕಾಡು ಹೋದರೆ ಮಳೆಗಾಲದಲ್ಲಿ ಕೆಸರು ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ.

ಹುಲ್ಲುಗಾವಲು ಬಂಜರಲ್ಲ

ಕುದುರೆಮುಖದಂಥ ಎತ್ತರದ ಬೆಟ್ಟಗಳಲ್ಲಿ ಕಾಡು ಕೊಳ್ಳಗಳಲ್ಲಷ್ಟೇ ಇರುತ್ತದೆ. ಗಿಡ್ಡ ಮರಗಳ ಈ ನಿತ್ಯಹಸುರಿನ ಕಾಡಿಗೆ ಶೋಲಾ ಎಂದು ಹೆಸರು. ಸುತ್ತಲಿನದೆಲ್ಲ ಹುಲ್ಲು. ಇವೆರಡೂ ಸೇರಿಯೇ ನೀರು ಕಾಯುತ್ತವೆ. ಹುಲ್ಲನ್ನು ಬಂಜರೆಂದು ತಿಳಿದು ಅಕೇಶಿಯಾದಂಥ ಹೊರಗಿನ ಮರ ನೆಡುವುದು ತಪ್ಪು. ಬೇಗ ಬೆಳೆಯುವ ಮರ ನೀರನ್ನೂ ಬೇಗ ಹೀರುತ್ತದೆ. ರಾಣೆಬೆನ್ನೂರಿಗೂ ಇದೇ ಪಾಠ. ಅಲ್ಲಿ 1974ರಲ್ಲಿ ಅಭಯಾರಣ್ಯವಾದ ನೆಲದ ಕೃಷ್ಣಮೃಗಕ್ಕೆ ಬೇಕಾದುದು ಬಯಲು ಹುಲ್ಲು, ದಟ್ಟ ನೀಲಗಿರಿ ತೋಪಲ್ಲ.

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಭದ್ರೆಗೆ ಹೂಳು ತುಂಬುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ರೈತರು ಮಾಡಬೇಕಾದುದು

1. ಹಳ್ಳದ ದಂಡೆಯ ಹೊಂಗೆ, ನೇರಳೆ, ಮತ್ತಿ ಮರಗಳನ್ನು ಕಡಿಯಬಾರದು.

2. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಬೇಕು. ಬದುವಿನ ಮೇಲೆ ಹುಲ್ಲು ಬೆಳೆಸಬೇಕು.

3. ರೋಗವಿಲ್ಲದ ಬೆಳೆಯ ಕಸಕಡ್ಡಿಯನ್ನು ಸುಡದೆ ಕಾಂಪೋಸ್ಟ್ ಮಾಡಿ ಮಣ್ಣಿಗೆ ಸೇರಿಸಬೇಕು.

4. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕಬೇಕು.

ಘಟ್ಟದಲ್ಲಿ ತರಗೆಲೆ ಮಾಡುವ ಕೆಲಸವನ್ನು ನಮ್ಮ ಮೆಣಸಿನಕಾಯಿ ಹೊಲದಲ್ಲಿ ಬದು ಮತ್ತು ಗೊಬ್ಬರ ಮಾಡಬೇಕು. ಮೇಲೆ ಕಾಡು ಉಳಿದು, ಕೆಳಗೆ ನೀರು ಇಂಗಿದರೆ ಮಾತ್ರ ಬಾವಿಯಲ್ಲಿ ನೀರು ನಿಂತೀತು.